ಕೌಲು ಕೊಟ್ಟ ದೇವರು

(ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಧ್ಯಾನಕೂಟದಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಪ್ರವಚನ)



ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ದೇವಾಲಯದ ಚರಿತ್ರೆಯನ್ನು ವಿವರಿಸುವವರೂ, ಗತಿಸಿದ ಹಿರಿಯರನ್ನು ಸ್ಮರಿಸುವವರೂ ಬೇರೆ ಇದ್ದಾರೆ. ನಾವು ಇಂದು ನಿಮ್ಮ ಮುಂದಿಡಬಯಸುವುದು ಒಂದು ಪ್ರಶ್ನೆಯನ್ನು. ಗುರುದೀಕ್ಷೆ ಪಡೆದಂದಿನಿಂದ ನಾವು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಅದು: “ಫಾದರ್, ದೇವರ ಚಿತ್ತ ಏನೆಂದು ನಮಗೆ ತಿಳಿಯುವುದು ಹೇಗೆ?”

ಮಗಳಿಗೆ ಬಂದ ಸಂಬಂಧವನ್ನು ಒಪ್ಪಬೇಕೇ, ಬಿಡಬೇಕೇ? ಮಗನನ್ನು ಬೆಂಗಳೂರಿಗೆ ಕಳುಹಿಸಬೇಕೇ, ಇಲ್ಲಿಯೇ ಜೀನ್ಸ್ ಹೊಲಿಗೆಗೆ ಹಚ್ಚಬೇಕೇ? ವಯಸ್ಸಾದ ತಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಬೇಕೇ? ಇಂಥ ಘಳಿಗೆಯಲ್ಲಿ ಮನುಷ್ಯನ ಎದೆ ಹೊಯ್ದಾಡುವುದು ಸಹಜ. ಆದರೆ ಆ ಹೊಯ್ದಾಟದಲ್ಲಿ ನಾವು ಹುಡುಕುವುದೇನನ್ನು? ಬಹುಪಾಲು ಒಂದು ಗುರುತನ್ನು. ಮಾತೆಯ ಪ್ರತಿಮೆಯ ಮುಂದೆ ಎರಡು ಚೀಟಿ ಇಟ್ಟು ಮಗುವಿನ ಕೈಯಿಂದ ಒಂದನ್ನು ಎತ್ತಿಸುವವರುಂಟು. ಕಣ್ಣು ಮುಚ್ಚಿ ಪವಿತ್ರ ಗ್ರಂಥವನ್ನು ತೆರೆದು, ಬೆರಳು ತಾಕಿದ ವಾಕ್ಯವೇ ದೇವರ ಅಪ್ಪಣೆ ಎನ್ನುವವರುಂಟು. ಭಾನುವಾರ ಪರಮಪ್ರಸಾದ ಸ್ವೀಕರಿಸಿ, ಮಂಗಳವಾರ ಭವಿಷ್ಯ ಹೇಳುವವನ ಬಾಗಿಲಲ್ಲಿ ನಿಲ್ಲುವವರೂ ಇಲ್ಲವೆಂದಲ್ಲ. ನಿಮ್ಮನ್ನು ನಾಚಿಸಲು ನಾವು ಇದನ್ನು ಹೇಳುತ್ತಿಲ್ಲ. ಇವರೆಲ್ಲರಲ್ಲಿಯೂ ಇರುವುದು ಒಂದೇ ಭಯ. ದೇವರು ತಮ್ಮೊಡನೆ ಮಾತನಾಡುವುದಿಲ್ಲವೇನೋ ಎಂಬ ಭಯ.

ಈ ಭಯಕ್ಕೆ ಉತ್ತರವು ನಾವು ವಾಸಿಸುವ ಬಡಾವಣೆಯ ಹೆಸರಿನಲ್ಲಿಯೇ ಅಡಗಿದೆ. ‘ಕೌಲು’ ಎಂಬುದು ಅರಬ್ಬಿ ಮೂಲದ ಶಬ್ದ. ಕೊಟ್ಟ ಮಾತು, ಕರಾರು, ಅಭಯಪತ್ರ ಎಂಬುದು ಅದರ ಅರ್ಥ. ಹಿಂದಿನ ಕಾಲದಲ್ಲಿ ಹೊಸ ಪೇಟೆಗೆ ನೇಕಾರರನ್ನೂ ವರ್ತಕರನ್ನೂ, ಬೀಳು ಭೂಮಿಗೆ ರೈತರನ್ನೂ ಕರೆಯುವಾಗ ಆಳುವವರು ಕೌಲು ಕೊಡುತ್ತಿದ್ದರು. ‘ನೀವು ಬಂದು ನೆಲೆಸಿರಿ, ಇಂತಿಷ್ಟು ತೆರಿಗೆಯ ರಿಯಾಯಿತಿ, ಇಂಥ ರಕ್ಷಣೆ ನಮ್ಮದು’ ಎಂಬುದು ಅದರ ತಿರುಳು. ಕೌಲು ಪಡೆದವನಿಗೆ ನಾಳೆ ಮಳೆ ಬರುವುದೋ, ವ್ಯಾಪಾರ ಕುದುರುವುದೋ ತಿಳಿಯುತ್ತಿರಲಿಲ್ಲ. ತನಗೆ ಮಾತು ಕೊಟ್ಟವರು ಯಾರೆಂಬುದು ಮಾತ್ರ ತಿಳಿದಿತ್ತು. ಆ ಮಾತಿನ ಮೇಲೆ ಅವನು ಮನೆ ಕಟ್ಟಿದನು.

ಪ್ರಿಯರೇ, ಗುರುತಿಗೂ ಕೌಲಿಗೂ ಇರುವ ಅಂತರವನ್ನು ಗಮನಿಸಿರಿ. ಗುರುತು ಒಂದು ಕೆಲಸದ ಫಲವನ್ನು ಮುಂಗಡವಾಗಿ ತಿಳಿಸಬಯಸುತ್ತದೆ. ಕೌಲು ಸಂಬಂಧವೊಂದನ್ನು ಕಟ್ಟುತ್ತದೆ. ಪವಿತ್ರ ಗ್ರಂಥದಲ್ಲಿ ‘ಒಡಂಬಡಿಕೆ’ ಎಂದು ನಾವು ಓದುವುದು ಇದನ್ನೇ. ಅಬ್ರಹಾಮನು ಹೊರಟಾಗ ಅವನ ಕೈಯಲ್ಲಿ ದಾರಿಯ ನಕ್ಷೆ ಇರಲಿಲ್ಲ, ವಾಗ್ದಾನವಿತ್ತು. ಮರುಭೂಮಿಯಲ್ಲಿ ಇಸ್ರಯೇಲರಿಗೆ ದೊರೆತ ಮನ್ನಾ ಆಯಾ ದಿನಕ್ಕೆ ಸಾಕಾಗುವಷ್ಟು ಮಾತ್ರ. ಮರುದಿನಕ್ಕೆಂದು ಆಸೆಯಿಂದ ಕೂಡಿಟ್ಟದ್ದು ಹುಳು ಬಿದ್ದು ನಾರಿತು. ಸಬ್ಬತ್ತಿನ ಮುನ್ನಾದಿನ ಮಾತ್ರ ಎರಡು ದಿನಗಳಿಗಾಗುವಷ್ಟು ದೊರೆಯುತ್ತಿತ್ತು. ದಿನಗೂಲಿಯ ಮೇಲೆ ಬದುಕುವ ನಮ್ಮ ಕುಟುಂಬಗಳಿಗೆ ಈ ಪಾಠವನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವರ ಮಾರ್ಗದರ್ಶನವೂ ಹಾಗೆಯೇ ಆ ದಿನದ ಅಳತೆಯಲ್ಲಿ ಬರುತ್ತದೆ.

‘ಹಾಗಾದರೆ ಪ್ರೇಷಿತರೇ ಚೀಟಿ ಹಾಕಲಿಲ್ಲವೇ?’ ಎಂದು ನೀವು ಕೇಳಬಹುದು. ಹಾಕಿದರು. ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದ್ದು ಹಾಗೆಯೇ. ಆದರೆ ಅದು ಪವಿತ್ರಾತ್ಮರು ಇಳಿದುಬರುವುದಕ್ಕೆ ಮುಂಚಿನ ಮಾತು. ಪಂಚಾಶತ್ತಮ ದಿನದ ತರುವಾಯ, ಅನ್ಯಜನರನ್ನು ಸಭೆಗೆ ಸೇರಿಸಿಕೊಳ್ಳುವ ಕಠಿಣ ಪ್ರಶ್ನೆ ಎದ್ದಾಗ, ಜೆರುಸಲೇಮಿನಲ್ಲಿ ಅವರು ಚೀಟಿ ಎತ್ತಲಿಲ್ಲ. ಒಂದೆಡೆ ಕೂಡಿದರು, ವಾದಿಸಿದರು, ಪೇತ್ರನ ಮಾತನ್ನೂ ಪೌಲ ಬಾರ್ನಬರ ಅನುಭವವನ್ನೂ ಕೇಳಿದರು, ಶಾಸ್ತ್ರವಚನವನ್ನು ಸ್ಮರಿಸಿದರು. ಆಮೇಲೆ ಆ ತೀರ್ಮಾನವನ್ನು ಪವಿತ್ರಾತ್ಮರದ್ದೂ ತಮ್ಮದೂ ಎಂದು ಧೈರ್ಯವಾಗಿ ಬರೆದು ಕಳುಹಿಸಿದರು. ದೃಢೀಕರಣ ಸಂಸ್ಕಾರದಲ್ಲಿ ಅದೇ ಆತ್ಮರನ್ನು ಪಡೆದಿರುವ ನಮಗೆ ಚೀಟಿಯ ಹಂಗೇಕೆ?

ಇಲ್ಲಿ ನಾವು ನಮ್ಮದೇ ತಪ್ಪೊಂದನ್ನು ನಿವೇದಿಸಬೇಕಾಗಿದೆ. ಅದಿರಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಸಂಡೂರಿನ ಬೆಟ್ಟಗಳಿಂದ ಬಂದರುಗಳವರೆಗೆ ಹಗಲಿರುಳೂ ಲಾರಿಗಳ ಸಾಲು. ನಾವು ಬೇರೊಂದು ಊರಿನಲ್ಲಿ ಸೇವೆಯಲ್ಲಿದ್ದೆವು. ವಿಶ್ವಾಸಿಯೊಬ್ಬರು ಪತ್ನಿಯೊಡನೆ ಬಂದರು. ತಂದೆಯ ಕಾಲದ ಹೊಲವನ್ನು ಮಾರಿ, ಮೇಲೆ ಸಾಲ ಮಾಡಿ ಎರಡನೆಯ ಲಾರಿ ಕೊಳ್ಳಬೇಕೆಂದಿದ್ದರು. “ದೇವರ ಚಿತ್ತ ಹೇಗಿದೆ, ಹೇಳ್ರಿ ಫಾದರ್” ಎಂದರು. ನಾವು ಏನನ್ನೂ ವಿಚಾರಿಸಲಿಲ್ಲ. ಸಾಲ ಎಷ್ಟು, ತಿಂಗಳ ಕಂತು ಎಷ್ಟು ಎಂದು ಕೇಳಲಿಲ್ಲ. ಸಾಗಿಸುವ ಅದಿರಿಗೆ ಸರಿಯಾದ ಪರ್ಮಿಟ್ ಇದೆಯೇ ಎಂದು ಕೇಳಲಿಲ್ಲ. ಬಾಗಿಲ ಬಳಿ ಸೆರಗಿನ ಅಂಚನ್ನು ಸುತ್ತುತ್ತ ನಿಂತಿದ್ದ ಆ ತಾಯಿಯ ಕಡೆ ತಿರುಗಿ, “ನೀವೇನಂತೀರಮ್ಮ?” ಎಂದೂ ಕೇಳಲಿಲ್ಲ. “ಒಳ್ಳೆಯದಾಗುತ್ತದೆ” ಎಂದೆವು. ಲಾರಿ ಬಂದಾಗ ಹೂಮಾಲೆಯ ಮೇಲೆ ಪವಿತ್ರ ಜಲವನ್ನು ಪ್ರೋಕ್ಷಿಸಿದೆವು.

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಅಕ್ರಮದಿಂದ ಬೆಟ್ಟಗಳಿಗೂ ಜನರಿಗೂ ಆದ ಹಾನಿಯನ್ನು ನೋಡಿದವರಾರೂ ಆ ಆಜ್ಞೆಯನ್ನು ಅನ್ಯಾಯವೆನ್ನಲಾರರು. ಆದರೂ ರಸ್ತೆಯ ಬದಿಯಲ್ಲಿ ಲಾರಿಗಳು ನಿಂತಲ್ಲೇ ನಿಂತವು. ಸಾಲ ಕೊಟ್ಟವರು ಆತನ ಎರಡೂ ಲಾರಿಗಳನ್ನು ಎಳೆದೊಯ್ದರು. ಒಂದು ಸಂಜೆ ಆತ ನಮ್ಮ ಬಳಿಗೆ ಬಂದು, ಬೈಯದೆ, ತಲೆ ತಗ್ಗಿಸಿ, “ನೀವು ಪವಿತ್ರ ನೀರು ಹಾಕಿದ್ರಿ ಫಾದರ್. ಮತ್ತೆ ದೇವರು ಯಾಕೆ ಕೈ ಬಿಟ್ಟ?” ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ದಿವ್ಯಪ್ರಸಾದ ಪೆಟ್ಟಿಗೆಯ ಮುಂದೆ ಮೊಣಕಾಲೂರಿದಾಗ ತಿಳಿದದ್ದಿಷ್ಟು: ದೇವರು ಮಾರ್ಗ ತೋರದೆ ಇರಲಿಲ್ಲ. ಆ ತಾಯಿಯ ಮೌನದಲ್ಲಿ ತೋರಿದ್ದರು, ಕೇಳದೆ ಬಿಟ್ಟ ಲೆಕ್ಕದಲ್ಲಿ ತೋರಿದ್ದರು. ನಾವೇ ಅದನ್ನು ದಾಟಿಕೊಂಡು ಪವಿತ್ರ ಜಲದ ಪಾತ್ರೆಗೆ ಕೈ ಹಾಕಿದ್ದೆವು. ಮರುದಿನ ಅವರ ಮನೆಗೆ ಹೋಗಿ ಇಬ್ಬರಲ್ಲಿಯೂ ಕ್ಷಮೆ ಬೇಡಿದೆವು.

ಮಹಾಸಂತರೂ ಈ ಹಾದಿಯನ್ನು ಎಡವಿಯೇ ಕಲಿತರು. ಲೊಯೋಲದ ಸಂತ ಇಗ್ನಾಸಿಯವರು 1521ರಲ್ಲಿ ಪಂಪ್ಲೋನ ಕೋಟೆಯ ಕಾಳಗದಲ್ಲಿ ಕಾಲಿಗೆ ಗುಂಡು ತಗುಲಿ ಹಾಸಿಗೆ ಹಿಡಿದರು. ಅಲ್ಲಿಯೇ ಅವರ ಮನಪರಿವರ್ತನೆ ಆರಂಭವಾಯಿತು. ಮರುವರ್ಷ ಯಾತ್ರೆ ಹೊರಟಾಗ, ದಾರಿಯಲ್ಲಿ ಜೊತೆಯಾದ ಪರಧರ್ಮೀಯನೊಬ್ಬ ಮಾತೆ ಮರಿಯಮ್ಮನವರನ್ನು ಕುರಿತು ಆಡಿದ ಮಾತಿಗೆ ಕೆರಳಿ, ಅವನನ್ನು ಬೆನ್ನಟ್ಟಿ ಇರಿಯಬೇಕೋ ಬಿಡಬೇಕೋ ಎಂದು ತೊಳಲಾಡಿದರು. ತೀರ್ಮಾನವಾಗದೆ, ತಾವು ಏರಿದ್ದ ಹೇಸರಗತ್ತೆಯ ಲಗಾಮನ್ನೇ ಸಡಿಲಬಿಟ್ಟರು. ಅದು ಅವನು ಹೋದ ಹಳ್ಳಿಯ ದಾರಿಯನ್ನು ಬಿಟ್ಟು ಹೆದ್ದಾರಿ ಹಿಡಿದದ್ದು ಇಬ್ಬರ ಪುಣ್ಯ! ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ತಮ್ಮ ಅಂತರಂಗದ ಚಲನೆಗಳನ್ನು ವರ್ಷಗಟ್ಟಲೆ ಪರಿಶೀಲಿಸಿ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಗ್ರಂಥವನ್ನು ರಚಿಸಿದರು. ಅದಕ್ಕೆ 1548ರಲ್ಲಿ ಪೋಪ್ ಮೂರನೆಯ ಪೌಲರ ಅನುಮೋದನೆ ದೊರೆಯಿತು. ಹೇಸರಗತ್ತೆಯ ಇಚ್ಛೆಗೆ ಬಿಟ್ಟವರೇ ವಿವೇಚನೆಯ ಗುರುವಾದರು.

ಅವರ ಬೋಧನೆಯನ್ನು ನಮ್ಮ ದಿನಬಳಕೆಗೆ ಹೀಗೆ ಅಳವಡಿಸಿಕೊಳ್ಳಬಹುದು. ಮೊದಲನೆಯದಾಗಿ, ಪಾಪವೆಂದು ತಿಳಿದಿರುವ ಕಾರ್ಯಕ್ಕೆ ದೇವರ ಅಪ್ಪಣೆ ಕೇಳಬಾರದು. ಆ ಉತ್ತರ ದಶಾಜ್ಞೆಗಳಲ್ಲಿ ಆಗಲೇ ದೊರೆತಿದೆ. ಎರಡನೆಯದಾಗಿ, ದೇವರು ಕೊಟ್ಟ ಬುದ್ಧಿಯನ್ನು ಬಳಸಿರಿ. ಕಾಗದ ತೆಗೆದುಕೊಂಡು ಲಾಭ ನಷ್ಟಗಳನ್ನು ಬರೆದು ನೋಡುವುದೂ ಪ್ರಾರ್ಥನೆಯ ಒಂದು ಅಂಗವೇ. ಮೂರನೆಯದಾಗಿ, ನಿರ್ಧಾರದ ಭಾರವನ್ನು ಹೊರಬೇಕಾದವರ ಮಾತನ್ನು ಕೇಳಿರಿ, ಮುಖ್ಯವಾಗಿ ಮನೆಯಲ್ಲಿ ಮೌನವಾಗಿರುವವರದನ್ನು. ನಾಲ್ಕನೆಯದಾಗಿ, ಮನಸ್ಸು ಕತ್ತಲಾಗಿರುವಾಗ, ಬೆಳಕಿನಲ್ಲಿ ಮಾಡಿದ ನಿರ್ಧಾರವನ್ನು ಬದಲಿಸಬೇಡಿರಿ. ಕೊನೆಯದಾಗಿ, ಪ್ರತಿ ರಾತ್ರಿ ಮಲಗುವ ಮುನ್ನ ಆತ್ಮಪರಿಶೋಧನೆ ಮಾಡಿಕೊಳ್ಳಿರಿ. ಪಡೆದ ವರಗಳಿಗೆ ಕೃತಜ್ಞತೆ, ತಪ್ಪನ್ನು ಕಾಣಲು ಬೆಳಕಿನ ಬೇಡಿಕೆ, ಆ ದಿನದ ಪರಿಶೀಲನೆ, ಕ್ಷಮೆಯಾಚನೆ, ನಾಳೆಗಾಗಿ ಸಂಕಲ್ಪ, ಇವೇ ಅದರ ಐದು ಹಂತಗಳು. ಹತ್ತು ನಿಮಿಷ ಸಾಕು. ಆಗಲೇ ದಾಟಿಬಂದ ದಾರಿಯಲ್ಲಿ ದೇವರ ಹೆಜ್ಜೆಯನ್ನು ಗುರುತಿಸಲು ಕಲಿತವನಿಗೆ ಮುಂದಿನ ತಿರುವಿನಲ್ಲಿ ಭಯ ಕಡಿಮೆ.

ಇಷ್ಟೆಲ್ಲ ಮಾಡಿದರೂ ಕಷ್ಟ ಬಾರದೆಂದು ನಾವು ಮಾತು ಕೊಡಲಾರೆವು. ಗೆತ್ಸೆಮನಿಯ ತೋಪಿನಲ್ಲಿ ಪ್ರಭು ಯೇಸುವೇ ಪಾತ್ರೆಯು ತಮ್ಮಿಂದ ತೊಲಗಲೆಂದು ಬೇಡಿದರು, ಅದು ತೊಲಗಲಿಲ್ಲ. ಆದರೂ ಅವರು ಪಿತನನ್ನು ‘ಅಪ್ಪಾ’ ಎಂದು ಕರೆಯುವುದನ್ನು ಬಿಡಲಿಲ್ಲ. ಸಫಲತೆಯೇ ದೇವರ ಚಿತ್ತದ ಗುರುತಾಗಿದ್ದರೆ ಶಿಲುಬೆಯ ಮೇಲೆ ಪಿತನ ಚಿತ್ತವು ಸೋತಿತೆನ್ನಬೇಕಾಗುತ್ತಿತ್ತು. ಪುನರುತ್ಥಾನವು ಹಾಗಲ್ಲವೆಂದು ಸಾರಿತು.

ನಮ್ಮ ಆ ಲಾರಿಯ ಮಿತ್ರರು ಕಳೆದುಕೊಂಡ ಹೊಲ ಮರಳಿ ಬರಲಿಲ್ಲ. ಅವರು ಬೇರೆಯವರ ಲಾರಿ ನಡೆಸಿ ಸಾಲ ತೀರಿಸಿದರು. ಮೊನ್ನೆ ಭೇಟಿಯಾದಾಗ ಹೇಳಿದರು: “ಈಗ ಏನೇ ಮಾಡಬೇಕಾದ್ರೂ ಜಪಸರ ಆದಮೇಲೆ ಇಬ್ಬರೂ ಕೂತು ಮಾತಾಡ್ತೀವಿ ಫಾದರ್. ಆಕೆ ಬೇಡ ಅಂದ್ರೆ ಒಂದು ವಾರ ತಡೀತೀವಿ.” ಸೆಮಿನರಿಯಲ್ಲಿ ನಾವು ಓದಿದ ದೈವಶಾಸ್ತ್ರಕ್ಕಿಂತ ಇದೇನೂ ಕಡಿಮೆಯದಲ್ಲ.

ಕೊನೆಯದಾಗಿ ಒಂದು ಮಾತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದೀರ್ಘ ಶ್ರಮದಿಂದ 1831ರಲ್ಲಿ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಹೊರಬಂದಿತು. ಅವರು ನಮ್ಮ ಸಭೆಯವರಲ್ಲದಿದ್ದರೂ ಆ ಋಣವನ್ನು ನಾವು ಸ್ಮರಿಸಬೇಕು. ದೇವರ ವಾಕ್ಯವು ಎಲ್ಲ ವಿಶ್ವಾಸಿಗಳಿಗೂ ಧಾರಾಳವಾಗಿ ದೊರೆಯಬೇಕೆಂದು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯೂ ಸಾರಿತು. ದೇವರ ಕೌಲು ನಮ್ಮ ನುಡಿಯಲ್ಲಿಯೇ, ನಮ್ಮ ಮನೆಯಲ್ಲಿಯೇ ಇದೆ. ಅದನ್ನು ಬೆರಳಿಟ್ಟು ತೆರೆಯುವ ಬದಲು ದಿನಕ್ಕೊಂದು ಅಧ್ಯಾಯದಂತೆ ಮೊದಲಿನಿಂದ ಓದೋಣ. ಶತಮಾನೋತ್ಸವದ ದೀಪಾಲಂಕಾರವನ್ನು ಕೆಲವು ದಿನಗಳಲ್ಲಿ ಬಿಚ್ಚುತ್ತೇವೆ. ಈ ಅಭ್ಯಾಸವೊಂದು ನಮ್ಮ ಮನೆಗಳಲ್ಲಿ ಉಳಿದರೆ ಹಬ್ಬ ಸಾರ್ಥಕವಾದಂತೆ.

ಕೌಲು ಕೊಟ್ಟ ದೇವರು ನಂಬಿಗಸ್ತರು. ಪಿತ, ಸುತ, ಪವಿತ್ರಾತ್ಮರ ಆಶೀರ್ವಾದವು ನಿಮ್ಮೆಲ್ಲರ ಮೇಲಿರಲಿ. ಆಮೆನ್.