ನಮ್ಮ ದೇಹದೊಳಗಿನ ಹೊರಗಿನವರು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ. ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಆದರೂ ಇವತ್ತು ದೇಹದೊಳಗೆ ಕೂರಿಸುವ ಕೃತಕ ವಸ್ತುಗಳ ಬಗ್ಗೆ ಮಾತಾಡುತ್ತೇನೆ. ಏಕೆಂದರೆ ಈ ಸಭೆಯಲ್ಲೇ ಕಣ್ಣಿಗೆ ಲೆನ್ಸ್, ಕಾಲಿಗೆ ರಾಡು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಇದ್ದೀರಿ.

ಕಾಲಿಗೆ ಜಾಲಿಮುಳ್ಳು ಚುಚ್ಚಿ ತುದಿ ಒಳಗೇ ಮುರಿದರೆ ಸುತ್ತಲೂ ಕೆಂಪಗೆ ಊದಿಕೊಳ್ಳುತ್ತದೆ. ಯಾಕೆ? 1882ರಲ್ಲಿ ರಷ್ಯಾದ ವಿಜ್ಞಾನಿ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ವೈದ್ಯರು ಇಡುವ ಲೋಹ, ಪ್ಲಾಸ್ಟಿಕ್ಕಿಗೂ ದೇಹ ಇದೇ ಸ್ವಾಗತ ಕೊಡುತ್ತದೆ. ಕ್ಷಣಮಾತ್ರದಲ್ಲಿ ರಕ್ತದ ಪ್ರೋಟೀನುಗಳು ಅದರ ಮೇಲೆ ಅಂಟಿಕೊಳ್ಳುತ್ತವೆ. ಆಮೇಲೆ ಬಿಳಿ ರಕ್ತಕಣಗಳು ಬರುತ್ತವೆ. ಅವುಗಳ ಹಿಂದೆಯೇ ಮ್ಯಾಕ್ರೋಫೇಜ್ ಎಂಬ ನುಂಗುವ ಕೋಶಗಳು ಬರುತ್ತವೆ. ಒಬ್ಬರಿಂದ ನುಂಗಲಾಗದಿದ್ದರೆ ಹಲವು ಕೋಶಗಳು ಕೂಡಿ ಒಂದೇ ದೈತ್ಯಕೋಶವಾಗುತ್ತವೆ. ಅದಕ್ಕೂ ಆಗದಿದ್ದರೆ, ಕೆಲವು ವಾರಗಳಲ್ಲಿ ದೇಹ ಆ ವಸ್ತುವಿನ ಸುತ್ತ ನಾರಿನ ಪೊರೆ ಕಟ್ಟಿ ಅದನ್ನು ಬೇರೆ ಇಡುತ್ತದೆ.

ಕೆಲವು ವಸ್ತುಗಳ ಜೊತೆ ದೇಹ ಹೊಂದಿಕೊಂಡು ಹೋಗುತ್ತದೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವು. ಅವು ಒಳಗೇ ಉಳಿದರೂ ಕಣ್ಣು ಅಷ್ಟಾಗಿ ಕೆರಳದಿರುವುದನ್ನು ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನ ಲೆನ್ಸನ್ನು ರೋಗಿಯ ಕಣ್ಣಲ್ಲಿ ಕೂರಿಸಿದರು. ಇವತ್ತು ನಮ್ಮ ಅಜ್ಜಿಯರು ಪೊರೆ ತೆಗೆಸಿಕೊಂಡು ಮತ್ತೆ ಅಕ್ಕಿ ಆರಿಸುವುದು ಅದರಿಂದ. ಸ್ವೀಡನ್ನಿನ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಯಲ್ಲಿಟ್ಟ ಟೈಟೇನಿಯಂ ಉಪಕರಣವನ್ನು ತೆಗೆಯಲು ಹೋದರೆ ಬರಲಿಲ್ಲ. ಮೂಳೆ ಅದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಹಲ್ಲಿನ ಇಂಪ್ಲಾಂಟ್ ಬಂದದ್ದು ಹೀಗೆ.

ಹೃದಯದ ಕವಾಟದ ಕಥೆ ಬೇರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ನಮ್ಮ ದೇಶದಲ್ಲೇ ಕವಾಟ ಮಾಡಲು ಹೊರಟಿತು. ಮೂರು ಮಾದರಿಗಳು ಸೋತ ಮೇಲೆ ನಾಲ್ಕನೆಯದು ಗೆದ್ದು, 1990ರಲ್ಲಿ ಮೊದಲ ರೋಗಿಗೆ ಅಳವಡಿಸಲಾಯಿತು. ವಲಿಯತ್ತಾನ್ ಅವರು ಮುಂದೆ ನಮ್ಮ ಮಣಿಪಾಲದಲ್ಲೇ ನೆಲೆಸಿದರು.

ಎಷ್ಟೇ ಒಳ್ಳೆಯ ಲೋಹದ ಕವಾಟವಾದರೂ ರಕ್ತಕ್ಕೆ ಅದು ಹೊರಗಿನದೇ. ಅದರ ಮೇಲೆ ಪ್ಲೇಟ್‌ಲೆಟ್‌ಗಳು ಅಂಟಿ ರಕ್ತ ಹೆಪ್ಪುಗಟ್ಟಬಹುದು. ಹೆಪ್ಪು ಕವಾಟವನ್ನು ಸಿಕ್ಕಿಸಬಹುದು, ಮೆದುಳಿಗೆ ಹೋದರೆ ಲಕ್ವ ಹೊಡೆಯಬಹುದು. ಅದಕ್ಕೇ ಜೀವನಪೂರ್ತಿ ಮಾತ್ರೆ ಮತ್ತು ಐಎನ್‌ಆರ್ ರಕ್ತಪರೀಕ್ಷೆ. ನಮ್ಮಮ್ಮನಿಗೂ ಇಂಥ ಕವಾಟವಿದೆ. "ಆರಾಮಾಗಿದೀನಲ್ಲ, ಇನ್ನೂ ಯಾಕೆ ಮಾತ್ರೆ?" ಎಂದು ಅವರು ಆಗಾಗ ಕೇಳುತ್ತಾರೆ. "ಅಮ್ಮಾ, ಮಾತ್ರೆ ತಗೊಳ್ತಿರೋದ್ರಿಂದಲೇ ಆರಾಮಾಗಿದೀಯ" ಎನ್ನುತ್ತೇನೆ. ನಿಮ್ಮ ಮನೆಗಳಲ್ಲೂ ಇದು ನೆನಪಿರಲಿ. ಸೊಪ್ಪು ಬಿಡಬೇಕಿಲ್ಲ. ಆದರೆ ಒಂದು ವಾರ ದಿನಾ ತಿಂದು ಮರುವಾರ ಮುಟ್ಟದೆ ಇರುವುದು ಬೇಡ. ಹಲ್ಲು ಕೀಳಿಸುವ ಮುಂಚೆ, ಬೇರೆ ಯಾವುದೇ ಔಷಧಿ ತೆಗೆದುಕೊಳ್ಳುವ ಮುಂಚೆ ಕವಾಟದ ವಿಷಯ ವೈದ್ಯರಿಗೆ ಹೇಳಿ. ನಾವಾಗಿಯೇ ಮಾತ್ರೆ ನಿಲ್ಲಿಸುವುದು ಬೇಡ.

ಕೊನೆಯದಾಗಿ ಶಿಕ್ಷಕರಿಗೆ, ಪೋಷಕರಿಗೆ ಒಂದು ವಿನಂತಿ. ಅಮ್ಮನ ಕವಾಟ ಕೆಟ್ಟದ್ದು ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ. ಗಂಟಲಿನ ಒಂದು ಬಗೆಯ ಬ್ಯಾಕ್ಟೀರಿಯಾ ಸೋಂಕಿನ ನಂತರ, ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಸ್ವಂತ ಕವಾಟವನ್ನು ಹೊರಗಿನದೆಂದು ತಿಳಿದು ಅದರ ಮೇಲೆ ಬೀಳುತ್ತದೆ. ಇದು ಹೆಚ್ಚಾಗಿ ಬರುವುದು 5ರಿಂದ 15 ವರ್ಷದ ಮಕ್ಕಳಿಗೆ, ಅಂದರೆ ಈ ಶಾಲೆಯ ಮಕ್ಕಳ ವಯಸ್ಸಿನವರಿಗೆ. ಗಂಟಲು ನೋವಿನ ಜೊತೆ ಜ್ವರ ಬಂದರೆ, ಕೆಲ ವಾರಗಳ ಮೇಲೆ ಕೀಲುಗಳು ಊದಿಕೊಂಡರೆ, ತಡಮಾಡದೆ ವೈದ್ಯರಿಗೆ ತೋರಿಸಿ. ಕೊಟ್ಟ ಔಷಧಿಯನ್ನು ಹೇಳಿದಷ್ಟು ದಿನವೂ ಕೊಡಿ. ಹುಟ್ಟುತ್ತಾ ಬಂದ ಕವಾಟಕ್ಕಿಂತ ಒಳ್ಳೆಯ ಕವಾಟವನ್ನು ಇನ್ನೂ ಯಾವ ಇಂಜಿನಿಯರೂ ಮಾಡಿಲ್ಲ.