ಮುಂದಿನ ಜ್ವರ ಬರುವ ಮೊದಲು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹಬ್ಬದ ದಿನ ಜ್ವರದ ಮಾತೇಕೆ ಎಂದು ನಿಮಗೆ ಅನಿಸಬಹುದು. ಆದರೆ ಒಂದು ಸಲ ಯೋಚಿಸಿ. ಈ ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯ ಬಾಗಿಲು ಬಹುಕಾಲ ಮುಚ್ಚಿದ್ದು ಬರದಿಂದಲ್ಲ, ಮಳೆಯಿಂದಲ್ಲ, ಮುಷ್ಕರದಿಂದಲೂ ಅಲ್ಲ, ಒಂದು ಸೋಂಕಿನಿಂದ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ದೇಶದ ಮೊದಲ ಸಾವು ನಮ್ಮದೇ ರಾಜ್ಯದ ಕಲಬುರಗಿಯಲ್ಲಿ ವರದಿಯಾಯಿತು. ಅದೇ ತಿಂಗಳು ಶಾಲೆಗಳು ಮುಚ್ಚಿದವು. ಹತ್ತನೆಯ ತರಗತಿಯ ಮಕ್ಕಳು ಮತ್ತೆ ತರಗತಿಯಲ್ಲಿ ಕುಳಿತದ್ದು 2021ರ ಜನವರಿ 1ರಂದು. ನಡುವೆ ಚಂದನ ವಾಹಿನಿಯಲ್ಲಿ ಪಾಠ ಬಂತು. ವಿದ್ಯಾಗಮ ಬಂದು, ಅಕ್ಟೋಬರ್‌ನಲ್ಲಿ ನಿಂತಿತು. ಮರುವರ್ಷದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ ತಿಂಗಳ ಎರಡೇ ದಿನಗಳಲ್ಲಿ, ಸರಿಯುತ್ತರ ಗುರುತಿಸುವ ರೀತಿಯಲ್ಲಿ ಮುಗಿಯಿತು. ಗುರುಗಳು ಗುಡಿಯ ಕಟ್ಟೆಯ ಮೇಲೆ, ಮರದ ನೆರಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಹೇಳಿದ್ದನ್ನು ಊರು ಮರೆತಿಲ್ಲ. ಆದರೂ ಕೆಲವು ಮಕ್ಕಳು ಕೂಲಿಗೆ ಹೋದವರು ಹಿಂತಿರುಗಲಿಲ್ಲ. ಕೆಲವು ಹೆಣ್ಣುಮಕ್ಕಳ ಓದು ಅಲ್ಲಿಗೇ ನಿಂತಿತು. ಆ ನಷ್ಟ ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ.

ಕೊರೊನಾ ಹೋಯಿತಲ್ಲ, ಇನ್ನೇಕೆ ಚಿಂತೆ? ಏಕೆಂದರೆ ಫ್ಲೂ ಜ್ವರ ಎಂಬುದು ಬೇರೆಯದೇ ಜಾತಿ. ಅದರ ವೈರಾಣು ಆಗಾಗ ವೇಷ ಬದಲಿಸುತ್ತದೆ. ಯಾರ ಮೈಗೂ ಪರಿಚಯವಿಲ್ಲದ ವೇಷ ತೊಟ್ಟು ಬಂದಾಗ ಅದು ಜಗತ್ತನ್ನೇ ಸುತ್ತುತ್ತದೆ. 1918ರ ಜೂನ್‌ನಲ್ಲಿ ಅದು ಮುಂಬಯಿಗೆ ಹಡಗಿನಲ್ಲಿ ಬಂದಿಳಿದು, ರೈಲು ಹತ್ತಿ ದೇಶವೆಲ್ಲ ಹರಡಿತು. ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಮೀರಿದ್ದರು ಎಂಬುದು ಅಂದಾಜು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ 1911ಕ್ಕಿಂತ ಕಡಿಮೆ ಬಂತು. ಆಗ ಹೆಚ್ಚಾಗಿ ಸತ್ತವರು ಮುದುಕರಲ್ಲ, ಇಪ್ಪತ್ತರಿಂದ ನಲವತ್ತರ ಪ್ರಾಯದವರು. ಆಮೇಲೆ 1957ರಲ್ಲಿ, 1968ರಲ್ಲಿ, 2009ರಲ್ಲಿ ಹೊಸ ಫ್ಲೂಗಳು ಬಂದವು. ಹಂದಿಜ್ವರ ಎಂದು ನಾವು ಕರೆದ 2009ರ ಎಚ್1ಎನ್1ಗೆ ದೇಶದಲ್ಲಿ ಮೊದಲು ಬಲಿಯಾದವಳು ಪುಣೆಯ ಹದಿನಾಲ್ಕು ವರ್ಷದ ಶಾಲಾ ಬಾಲಕಿ. ನಮ್ಮ ಒಂಬತ್ತನೆಯ ತರಗತಿಯ ಮಕ್ಕಳ ವಯಸ್ಸು.

ಫ್ಲೂ ಹರಡುವುದರಲ್ಲಿ ಶಾಲೆಯ ಪಾತ್ರ ದೊಡ್ಡದು. ಸೋಂಕು ತಗಲಿದ ಒಂದರಿಂದ ನಾಲ್ಕು ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಜ್ವರ ಕಾಣಿಸುವ ಹಿಂದಿನ ದಿನವೇ ಮಗು ಇತರರಿಗೆ ಅಂಟಿಸಬಲ್ಲದು. ಒಂದೇ ಬೆಂಚಿನಲ್ಲಿ ನಾಲ್ವರು ಕೂರುವ ಕಡೆ ಒಬ್ಬರ ಕೆಮ್ಮು ಒಂದು ವಾರದಲ್ಲಿ ನಾಲ್ಕು ಮನೆಯ ಕೆಮ್ಮಾಗುತ್ತದೆ. ಆ ಮನೆಗಳಲ್ಲಿ ಅಜ್ಜ ಅಜ್ಜಿ, ಬಸುರಿ ಹೆಂಗಸರು, ಎಳೆಗೂಸುಗಳು ಇರುತ್ತಾರೆ. ಹೊಸ ವೈರಾಣುವಿಗೆ ಲಸಿಕೆ ಕೈಗೆ ಬರಲು ಐದಾರು ತಿಂಗಳಾದರೂ ಬೇಕು. ಆ ತಿಂಗಳುಗಳಲ್ಲಿ ನಮ್ಮ ಕೈಯಲ್ಲಿರುವುದು ನಮ್ಮ ಸಿದ್ಧತೆ ಮಾತ್ರ.

ಹಾಗಾದರೆ ಶಾಲೆ ಮುಚ್ಚುವುದೇ ದಾರಿಯೇ? 1918ರಲ್ಲಿ ಅಮೆರಿಕದ ಹಲವು ನಗರಗಳು ಶಾಲೆ ಮುಚ್ಚಿದವು. ಸೇಂಟ್ ಲೂಯಿಸ್ ನಗರ ಬೇಗ ಮುಚ್ಚಿ ಸಾವು ತಗ್ಗಿಸಿಕೊಂಡಿತು. ಆದರೆ ನ್ಯೂಯಾರ್ಕ್ ಶಾಲೆ ತೆರೆದಿಟ್ಟಿತು. ಇಕ್ಕಟ್ಟಾದ ಕತ್ತಲೆ ಮನೆಗಳಿಗಿಂತ ಗಾಳಿ ಬೆಳಕಿರುವ ಶಾಲೆಯೇ ಮಕ್ಕಳಿಗೆ ಲೇಸು ಎಂಬುದು ಅಲ್ಲಿನ ಆರೋಗ್ಯಾಧಿಕಾರಿ ರಾಯಲ್ ಕೋಪ್‌ಲ್ಯಾಂಡ್ ಅವರ ವಾದ. ಪ್ರತಿ ಮಗುವನ್ನೂ ದಿನವೂ ಪರೀಕ್ಷಿಸಿದರು; ಗೈರಾದ ಮಕ್ಕಳ ಮನೆಗೆ ದಾದಿಯರು ಹೋದರು. ಅದು ಸಾಧ್ಯವಾದದ್ದು ಶಾಲಾ ಆರೋಗ್ಯ ತಪಾಸಣೆಯ ಏರ್ಪಾಡು ಮೊದಲೇ ಇದ್ದುದರಿಂದ. ಮುಚ್ಚುವುದು, ತೆರೆಯುವುದು ಸರ್ಕಾರದ ತೀರ್ಮಾನ. ಎರಡರಲ್ಲಿ ಯಾವುದಾದರೂ ಮಕ್ಕಳು ಕೆಡದಂತೆ ನೋಡಿಕೊಳ್ಳುವ ಏರ್ಪಾಡು ನಮ್ಮದು. ಅದಕ್ಕೆ ಐದು ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು ಹಾಜರಿ ಪುಸ್ತಕ. ಅದು ಊರಿನ ಆರೋಗ್ಯದ ಕನ್ನಡಿ. ತರಗತಿಯಲ್ಲಿ ದಿನಕ್ಕೆ ಮೂವರು ಗೈರಾಗುವ ಕಡೆ ಒಮ್ಮೆಲೇ ಹತ್ತು ಮಂದಿ ಗೈರಾದರೆ ಅದಕ್ಕೊಂದು ಕಾರಣವಿರುತ್ತದೆ. ಜಾತ್ರೆಯೋ, ಕೊಯ್ಲೋ, ಜ್ವರವೋ? ಗೈರಿನ ಪಕ್ಕ 'ಜ್ವರ' ಎಂದು ಬರೆಯುವ ರೂಢಿ ಬರಲಿ. ಸಂಖ್ಯೆ ಏರಿದ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮತ್ತು ಆಶಾ ಕಾರ್ಯಕರ್ತೆಗೆ ಒಂದು ಫೋನ್ ಹೋಗಲಿ. ಇದಕ್ಕೆ ಕಂಪ್ಯೂಟರ್ ಬೇಡ, ಕೆಂಪು ಪೆನ್ನು ಸಾಕು. ಸಾಫ್ಟ್‌ವೇರಿನವನಾದ ನಾನೇ ಹೇಳುತ್ತಿದ್ದೇನೆ.

ಎರಡನೆಯದು, ಜ್ವರ ಬಂದ ಮಗು ಮನೆಯಲ್ಲಿರಬೇಕು. ನಾವೆಲ್ಲ ನೂರಕ್ಕೆ ನೂರು ಹಾಜರಾತಿಯ ಬಹುಮಾನ ನೋಡಿಕೊಂಡು ಬೆಳೆದವರು. ಅದರ ಆಸೆಗೆ ಮೈ ಸುಡುತ್ತಿದ್ದರೂ ಶಾಲೆಗೆ ಬರುವ ಮಕ್ಕಳಿದ್ದಾರೆ. ಬಹುಮಾನ ಇರಲಿ, ಜ್ವರದ ರಜೆಯನ್ನು ಗೈರೆಂದು ಎಣಿಸುವುದು ಬೇಡ. ಔಷಧಿ ಇಲ್ಲದೆ ಜ್ವರ ಬಿಟ್ಟು ಇಪ್ಪತ್ನಾಲ್ಕು ಗಂಟೆ ಕಳೆಯುವವರೆಗೆ ಮಗು ಮನೆಯಲ್ಲಿರಲಿ. ತಾಯಂದಿರು ಒಂದು ಮಾತು ನೆನಪಿಡಿ. ಉಸಿರಾಟ ಜೋರಾದರೆ, ತುಟಿ ನೀಲಿಗಟ್ಟಿದರೆ, ಮಗು ನೀರನ್ನೂ ಕುಡಿಯದೆ ಮಂಕಾಗಿ ಮಲಗಿದರೆ, ಇಳಿದ ಜ್ವರ ಮತ್ತೆ ಏರಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಮಕ್ಕಳ ಫ್ಲೂ ಜ್ವರಕ್ಕೆ ಆಸ್ಪಿರಿನ್ ಕೊಡಬಾರದು. ಅಂಗಡಿಯಿಂದ ತಂದ ಆ್ಯಂಟಿಬಯೋಟಿಕ್ ವೈರಾಣುವನ್ನು ಕೊಲ್ಲುವುದಿಲ್ಲ.

ಮೂರನೆಯದು ಗಾಳಿ, ನೀರು, ಸಾಬೂನು. ತುಕ್ಕು ಹಿಡಿದು ತೆರೆಯದ ಕಿಟಕಿ ಇದ್ದೂ ಇಲ್ಲದಂತೆ. ಫ್ಲೂ ವೈರಾಣುವಿನ ಹೊರಪದರ ಕೊಬ್ಬಿನದು. ಸಾಬೂನು ಅದನ್ನು ಒಡೆಯುತ್ತದೆ. ಆದರೆ ಬಿಸಿಯೂಟದ ಗಂಟೆ ಹೊಡೆದಾಗ ಇಡೀ ಶಾಲೆಗೆ ಎರಡು ನಲ್ಲಿ ಇದ್ದರೆ ಕೈ ತೊಳೆಯುವವರಾರು? ಉದ್ದನೆಯ ತೊಟ್ಟಿ, ಸಾಲಾಗಿ ಹತ್ತು ನಲ್ಲಿ, ಕಟ್ಟಿದ ಸಾಬೂನು ಬೇಕು. ಅಡುಗೆಯ ತಾಯಂದಿರಿಗೆ ಜ್ವರ ಬಂದರೆ ರಜೆ ಹಾಕುವ ಧೈರ್ಯ ಇರಬೇಕು. ಅದಕ್ಕೆ ಬದಲಿ ಕೈ ಯಾರೆಂಬುದು ಮೊದಲೇ ಗೊತ್ತಿರಬೇಕು.

ನಾಲ್ಕನೆಯದು, ಶಾಲೆ ಮುಚ್ಚಿದರೆ ಏನು ಎಂಬ ಪಟ್ಟಿ. ನನ್ನ ಕೆಲಸದಲ್ಲಿ ಒಂದು ನಿಯಮವಿದೆ: ಒಬ್ಬನ ತಲೆಯಲ್ಲಿ ಮಾತ್ರ ಇರುವ ವಿಷಯವನ್ನು ಇಲ್ಲವೆಂದೇ ಲೆಕ್ಕ ಹಾಕಬೇಕು. ಯಾವ ಮಗು ಯಾವ ಓಣಿಯದು, ಮನೆಯ ಫೋನ್ ಯಾವುದು, ಯಾರ ಮನೆಯಲ್ಲಿ ಫೋನೇ ಇಲ್ಲ, ಯಾರಿಗೆ ಬಿಸಿಯೂಟವೇ ದಿನದ ದೊಡ್ಡ ಊಟ, ಇದೆಲ್ಲ ನಮ್ಮ ಗುರುಗಳಿಗೆ ಬಾಯಿಪಾಠ. ಅದು ಒಂದು ಪುಸ್ತಕಕ್ಕಿಳಿದು ಕಚೇರಿಯ ಬೀರುವಿನಲ್ಲಿರಲಿ, ಪ್ರತಿ ಜೂನ್‌ನಲ್ಲಿ ಹೊಸದಾಗಲಿ. ಓಣಿಗೆ ಇಬ್ಬರಂತೆ ಹಳೆಯ ವಿದ್ಯಾರ್ಥಿಗಳು ಜವಾಬ್ದಾರಿ ಹೊರೋಣ. ಶಾಲೆ ಮುಚ್ಚಿದ ವಾರವೇ ರೇಷನ್ ಮನೆ ತಲುಪಿತೇ, ಪಾಠದ ಹಾಳೆ ತಲುಪಿತೇ ಎಂದು ಕೇಳುವುದು ಅವರ ಕೆಲಸ. ಶಾಲೆ ತೆರೆದ ದಿನ ಬಾರದ ಮಗುವಿನ ಬಾಗಿಲು ತಟ್ಟುವುದು ಇನ್ನೂ ದೊಡ್ಡ ಕೆಲಸ.

ಐದನೆಯದು ಸುಳ್ಳುಸುದ್ದಿ. ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಮೊಟ್ಟೆ ತಿನ್ನಬೇಡಿ ಎಂಬ ಸಂದೇಶ ಫೋನಿನಿಂದ ಫೋನಿಗೆ ಹಾರುತ್ತದೆ. ಚೆನ್ನಾಗಿ ಬೇಯಿಸಿದ ಮೊಟ್ಟೆಯಿಂದ ಆ ರೋಗ ಬರುವುದಿಲ್ಲ. ಎಪ್ಪತ್ತು ಡಿಗ್ರಿ ಸೆಲ್ಸಿಯಸ್ ಬಿಸಿಗೆ ವೈರಾಣು ಸಾಯುತ್ತದೆ. ನಮ್ಮ ನೀರು ಕುದಿಯುವುದು ನೂರರಲ್ಲಿ. ಇದನ್ನು ಮನೆಗೆ ಹೋಗಿ ಹೇಳಬಲ್ಲವರು ವಿಜ್ಞಾನ ಓದುವ ನೀವು, ಮಕ್ಕಳೇ. ಅದೇ ಹೊತ್ತಿಗೆ, ಸತ್ತುಬಿದ್ದ ಕೋಳಿ, ಕಾಗೆಗಳನ್ನು ಕೈಯಿಂದ ಮುಟ್ಟಬೇಡಿ, ದೊಡ್ಡವರಿಗೆ ತಿಳಿಸಿ.

ಇವುಗಳಲ್ಲಿ ಹಣ ಬೇಕಾದದ್ದು ಮೂರನೆಯದಕ್ಕೆ ಮಾತ್ರ. ಸುವರ್ಣ ಮಹೋತ್ಸವದ ನಿಧಿಯಿಂದ ಸ್ವಾಗತ ಕಮಾನು ಕಟ್ಟಿಸಬೇಕೆಂಬ ಸಲಹೆ ಇದೆ. ಕಮಾನಿನ ಮೇಲೆ ಶಾಲೆಯ ಹೆಸರು ನೋಡುವ ಆಸೆ ನನಗೂ ಇದೆ. ಆದರೂ ಹಿರಿಯರಲ್ಲಿ ನನ್ನ ವಿನಂತಿ: ಮೊದಲು ನಲ್ಲಿ ಮತ್ತು ಕಿಟಕಿ, ಉಳಿದ ಹಣದಲ್ಲಿ ಕಮಾನು. ಕೊಟ್ಟವರ ಹೆಸರು ಹಾಕಲೇಬೇಕೆಂದರೆ ನಲ್ಲಿಯ ಗೋಡೆಯ ಮೇಲೂ ಜಾಗವಿರುತ್ತದೆ. ಅದನ್ನು ದಿನವೂ ಓದುವವರು ಮಕ್ಕಳು.

ನಮ್ಮ ದೇಶದಲ್ಲಿ ಸಾಮಾನ್ಯ ಫ್ಲೂ ಹೆಚ್ಚುವುದು ವರ್ಷದ ಮೊದಲ ತಿಂಗಳುಗಳಲ್ಲಿ, ಮತ್ತೆ ಮಳೆಗಾಲದಲ್ಲಿ ಹಾಗೂ ಅದರ ಹಿಂದೆಯೇ. ಆದ್ದರಿಂದ ಪ್ರತಿ ಜುಲೈನಲ್ಲಿ ಒಂದು ಶನಿವಾರ ಇದರ ತಾಲೀಮು ನಡೆಯಲಿ. ಆ ದಿನ ಶಾಲೆ ಮುಚ್ಚಿದೆ ಎಂದುಕೊಂಡು ಪ್ರತಿ ಮನೆಗೂ ಸುದ್ದಿ ಮುಟ್ಟಿಸಿ ನೋಡೋಣ. ಸಂಜೆಯೊಳಗೆ ಎಷ್ಟು ಮನೆ ಮುಟ್ಟಿತು, ಎಷ್ಟು ಬಿಟ್ಟುಹೋಯಿತು ಎಂದು ಎಣಿಸೋಣ. ಬಿಟ್ಟುಹೋದ ಮನೆಗಳೇ ಮುಂದಿನ ವರ್ಷದ ಕೆಲಸ. ಮೊದಲ ತಾಲೀಮಿಗೆ ರಜೆ ಹಾಕಿ ಬರುತ್ತೇನೆ. ಓಣಿ ಪಟ್ಟಿ ಬರೆಯಲು ಗುರುಗಳ ಪಕ್ಕ ಕೂರುತ್ತೇನೆ. ನನ್ನ ಜೊತೆ ಕೂರುವವರು ಇಂದೇ ಕಚೇರಿಯಲ್ಲಿ ಹೆಸರು ಕೊಡಿ.