ಪುಟ್ಟ ಕೈಗಳಿಗೊಂದು ಪಾತಿ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ರಜತ ಮಹೋತ್ಸವ ಅಂದಮೇಲೆ ಸಹಕಾರ ತತ್ತ್ವ, ಷೇರು ಬಂಡವಾಳ, ಸಾಲ ವಸೂಲಿ ಇವುಗಳ ಬಗ್ಗೆ ಮಾತನಾಡುವುದು ಪದ್ಧತಿ. ಬಲ್ಲವರು ಆ ಕೆಲಸವನ್ನು ಈಗಾಗಲೇ ಚೆನ್ನಾಗಿ ಮಾಡಿದ್ದಾರೆ. ನಾನು ಮೂವತ್ತು ವರ್ಷ ಒಂದನೇ ಎರಡನೇ ತರಗತಿಯ ಮಕ್ಕಳ ಜೊತೆ ಕಳೆದವನು. ಆದ್ದರಿಂದ ಚಿಕ್ಕ ಮಕ್ಕಳಿಗೆ ತರಗತಿಯಲ್ಲೇ ಗಿಡ ಬೆಳೆಸುವುದನ್ನು ಕಲಿಸುವ ಬಗ್ಗೆ ನಾಲ್ಕು ಮಾತು ಹೇಳಿ, ಕೊನೆಗೆ ಸಂಘದ ಮುಂದೆ ಒಂದು ಅರ್ಜಿ ಇಡುತ್ತೇನೆ.

ಇದು ಹೊಸ ವಿಚಾರವೇನಲ್ಲ. 1840ರಲ್ಲಿ ಜರ್ಮನಿಯ ಫ್ರೋಬೆಲ್ ಎಂಬ ಶಿಕ್ಷಣ ತಜ್ಞರು ತಮ್ಮ ಶಿಶುಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ಹಾಗೆಂದರೆ ಮಕ್ಕಳ ತೋಟ. ಅವರ ಯೋಜನೆಯಲ್ಲಿ ಒಬ್ಬೊಬ್ಬ ಮಗುವಿಗೂ ಒಂದು ಸಣ್ಣ ಪಾತಿ, ಜೊತೆಗೆ ಎಲ್ಲರಿಗೂ ಸೇರಿದ ಒಂದಿಷ್ಟು ಜಾಗ ಇರುತ್ತಿತ್ತು. ಅವರವರ ಪಾಲು ಅವರವರಿಗೆ, ಎಲ್ಲರದ್ದು ಎಲ್ಲರಿಗೆ. ಇದನ್ನು ಕೇಳಿದರೆ ನಮ್ಮ ಸಂಘದ ಬೈಲಾ ನೆನಪಾಗುವುದಿಲ್ಲವೆ? ನಮ್ಮಲ್ಲೂ 1937ರಲ್ಲಿ ವಾರ್ಧಾದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕೆಲಸದ ಮೂಲಕವೇ ವಿದ್ಯೆ ಕಲಿಸಬೇಕೆಂದು ಪ್ರತಿಪಾದಿಸಿದರು. ಇಂದು ಪೇಟೆಯಲ್ಲಿ ಎಷ್ಟೋ ಕಿಂಡರ್‌ಗಾರ್ಟನ್ ಇವೆ, ತೋಟ ಮಾತ್ರ ಹೆಸರಿನಲ್ಲಷ್ಟೇ ಉಳಿದಿದೆ.

ನಾನು ಈ ಕೆಲಸ ಶುರುಮಾಡಿದ ಮೊದಲ ವರ್ಷವೇ ಒಬ್ಬ ತಂದೆ ಶಾಲೆಗೆ ಬಂದರು. "ಮೇಷ್ಟ್ರೆ, ನಮ್ಮ ಕೈಗೆ ಹತ್ತಿದ ಮಣ್ಣೇ ಸಾಕು. ಮಗನಿಗಾದರೂ ಬೇಡ ಅಂತ ನಿಮ್ಮ ಹತ್ರ ಕಳಿಸಿದ್ರೆ, ನೀವೂ ಮಣ್ಣೇ ಮುಟ್ಟಿಸ್ತೀರಲ್ಲ!" ಎಂದರು. ನನಗೆ ಉತ್ತರ ತೋಚಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ ಹೇಳಬಹುದಿತ್ತು. ಆದರೆ ಆ ವರ್ಷ ಮಳೆ ಕೈಕೊಟ್ಟು, ಸಾಲ ತೀರಿಸಲಾಗದೆ ಒದ್ದಾಡುತ್ತಿದ್ದ ರೈತನ ಮುಂದೆ ಆ ಗಾದೆ ಹೇಳಲು ನಾಲಿಗೆ ಬರಲಿಲ್ಲ.

ಆಮೇಲೆ ಯೋಚಿಸಿದೆ. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಅದುವರೆಗೆ ನಾನು ಮಾಡಿಸುತ್ತಿದ್ದದ್ದು ಪಾಠವಾಗಿರಲಿಲ್ಲ, ದುಡಿಮೆಯಾಗಿತ್ತು. ದೊಡ್ಡ ಹುಡುಗರು ಅಗೆಯುವುದು, ಚಿಕ್ಕವರು ನಿಂತು ನೋಡುವುದು. ತಡವಾಗಿ ಬಂದವರಿಗೆ ನೀರು ಹೊರುವ ಶಿಕ್ಷೆ ಬೇರೆ! ಶಿಕ್ಷೆಯಾಗಿ ನೀರು ಹೊತ್ತ ಮಗು ಗಿಡವನ್ನು ಪ್ರೀತಿಸೀತೆ? ಅಂದಿನಿಂದ ಆ ಶಿಕ್ಷೆ ನಿಲ್ಲಿಸಿದೆ. ತೋಟವನ್ನು ಅಂಗಳದಿಂದ ತರಗತಿಯ ಕಿಟಕಿಗೆ ತಂದೆ.

ಐದಾರು ವರ್ಷದ ಮಗುವಿಗೆ ಎಕರೆ ಬೇಡ, ಒಂದು ತೆಂಗಿನ ಕರಟ ಸಾಕು. ಕಣ್ಣಿರುವ ಹೋಳನ್ನು ಆರಿಸಿ ಒಂದು ಕಣ್ಣು ಚುಚ್ಚಿದರೆ ಹೆಚ್ಚಿನ ನೀರು ಬಸಿದುಹೋಗುತ್ತದೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಬೀಜ ಎಷ್ಟು ದಪ್ಪವೋ ಅದರ ಎರಡರಷ್ಟು ಆಳ. ಒಂದೇ ಬೀಜ ಕೊಡಬೇಡಿ, ಮೂರು ಕೊಡಿ. ಒಂದೇ ಕೊಟ್ಟು ಅದು ಹುಟ್ಟದಿದ್ದರೆ ಆ ಮಗುವಿನ ಮುಖ ನೋಡಲಾಗುವುದಿಲ್ಲ.

ಮೊದಲ ಬಿತ್ತನೆಗೆ ಹೆಸರುಕಾಳು ಅಥವಾ ಹುರುಳಿ ಒಳ್ಳೆಯದು. ಎರಡು ಮೂರು ದಿನಕ್ಕೆ ಮೊಳಕೆ ಕಾಣುತ್ತದೆ. ಕೊತ್ತಂಬರಿಯಾದರೆ ಕಾಳನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತಿದರೂ ವಾರ ಹತ್ತು ದಿನ ಕಾಯಿಸುತ್ತದೆ. ಮಕ್ಕಳಿಗೆ ಅಷ್ಟು ತಾಳ್ಮೆ ಎಲ್ಲಿ? ನನ್ನ ತರಗತಿಯಲ್ಲೊಬ್ಬ ಹುಡುಗ ದಿನಾ ಬೆಳಿಗ್ಗೆ ಬೀಜ ಅಗೆದು ನೋಡಿ ಮತ್ತೆ ಮುಚ್ಚುತ್ತಿದ್ದ. "ಯಾಕೋ?" ಅಂದರೆ, "ಎದ್ದಿದೆಯಾ ಅಂತ ನೋಡ್ದೆ ಸಾ" ಅಂದ. ಬೈದರೆ ಪ್ರಯೋಜನವಿಲ್ಲ. ಗಾಜಿನ ಲೋಟದ ಒಳಗೆ ಒದ್ದೆ ಬಟ್ಟೆ ಇಟ್ಟು, ಬಟ್ಟೆಗೂ ಗಾಜಿಗೂ ನಡುವೆ ಅವರೆಕಾಳು, ಕಡಲೆಕಾಳು ಸಿಕ್ಕಿಸಿ ಕೊಟ್ಟೆ. ಬೇರು ಕೆಳಗೆ, ಚಿಗುರು ಮೇಲೆ ಹೋಗುವುದನ್ನು ಎಲ್ಲರೂ ನೋಡಿದರು. ಅವರೆ ತನ್ನ ಬೇಳೆಗಳನ್ನು ತಲೆಯ ಮೇಲೆ ಹೊತ್ತು ಏಳುತ್ತದೆ, ಕಡಲೆ ಬೇಳೆಯನ್ನು ಕೆಳಗೇ ಬಿಟ್ಟು ಬರಿ ಚಿಗುರನ್ನು ಕಳಿಸುತ್ತದೆ. ಇದನ್ನು ನಾನು ಹೇಳಿಕೊಟ್ಟದ್ದಲ್ಲ, ಮಕ್ಕಳೇ ನನಗೆ ತೋರಿಸಿದ್ದು.

ಲೆಕ್ಕವೂ ಇಲ್ಲೇ ಬಂತು. ಹತ್ತು ಕಾಳು ಬಿತ್ತಿ ಎಂಟು ಹುಟ್ಟಿದರೆ ಎಷ್ಟು ಹುಟ್ಟಲಿಲ್ಲ? ಪ್ರತಿ ಸೋಮವಾರ ಗಿಡದ ಎತ್ತರಕ್ಕೆ ಸರಿಯಾಗಿ ದಾರ ಕತ್ತರಿಸಿ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಸಾಲಾಗಿ ಅಂಟಿಸಿದೆವು. ಆರು ವಾರಕ್ಕೆ ದಾರಗಳು ಮೆಟ್ಟಿಲಿನಂತೆ ನಿಂತವು. ಪಟ್ಟಿ ಹಿಡಿಯಲು ಬಾರದ ಮಗುವಿಗೂ ಬೆಳವಣಿಗೆ ಅಂದರೇನೆಂದು ಅರ್ಥವಾಯಿತು. ಬೀಜ, ಬೇರು, ಎಲೆ ಎಂಬ ಪದಗಳನ್ನು ತಾವೇ ಬರೆದು ಕರಟಕ್ಕೆ ಅಂಟಿಸಿದರು. ಬೈದುಹೋಗಿದ್ದ ಆ ತಂದೆಯನ್ನು ಕರೆಸಿ ಮಗನ ದಾರದ ಸಾಲು ತೋರಿಸಿದೆ. ಬಹಳ ಹೊತ್ತು ನೋಡಿದರು. "ಹೊಲದಲ್ಲಿ ಇಷ್ಟು ದಿನ ನಾನೂ ಅಳೆದಿರ್ಲಿಲ್ಲ ಮೇಷ್ಟ್ರೆ" ಎಂದರು. ಮುಂದಿನ ವಾರ ಅವರೇ ಒಂದು ಮಂಕರಿ ಗೊಬ್ಬರ ತಂದು ಜಗಲಿಯ ಮೇಲಿಟ್ಟು ಹೋದರು.

ಕಿಟಕಿಯಲ್ಲಿ ಗೆದ್ದ ಮೇಲೆ ಅಂಗಳದಲ್ಲಿ ಒಂದು ಪಾತಿ ಮಾಡಿದೆವು. ಮೆಂತ್ಯ, ದಂಟು ಬಿತ್ತಿದರೆ ತಿಂಗಳೊಳಗೆ ಸೊಪ್ಪು ಕೈಗೆ ಬರುತ್ತದೆ. 2002ರಲ್ಲಿ ಅಕ್ಷರ ದಾಸೋಹ ಆರಂಭವಾಗಿ, ಮುಂದೆ ನಮ್ಮ ಕಡೆಗೂ ಬಂದ ಮೇಲೆ ಆ ಸೊಪ್ಪು ನೇರ ಸಾರಿಗೆ ಬಿತ್ತು. ಮನೆಯಲ್ಲಿ ಸೊಪ್ಪು ಕಂಡರೆ ತಟ್ಟೆ ತಳ್ಳುವ ಮಕ್ಕಳು, "ಇದು ನಮ್ ಸೊಪ್ಪು" ಅಂತ ಇನ್ನೊಂದು ಸೌಟು ಹಾಕಿಸಿಕೊಂಡರು. ಒಂದು ಮಾತು ಮರೆಯಬಾರದು: ಮಣ್ಣು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಊಟಕ್ಕೆ ಕೂರಬೇಕು.

ಇನ್ನು ನನ್ನದೇ ಒಂದು ತಪ್ಪನ್ನು ಈ ವೇದಿಕೆಯಲ್ಲಿ ಒಪ್ಪಿಕೊಳ್ಳಬೇಕು. ಒಂದು ಸಲ ಬಿತ್ತನೆಗೆ ತಂದು ಉಳಿದಿದ್ದ ಮುಸುಕಿನ ಜೋಳದ ಬೀಜವನ್ನು ತರಗತಿಗೆ ಒಯ್ದೆ. ಗುಲಾಬಿ ಬಣ್ಣ, ನೋಡಲು ಚೆಂದ. ಒಂದು ಹೆಣ್ಣುಮಗು ಪೆಪ್ಪರಮೆಂಟು ಅಂದುಕೊಂಡು ಬಾಯಿಗೆ ಹಾಕಿಕೊಂಡಳು. ಅದು ಔಷಧ ಸವರಿದ ಬೀಜ! ಬಾಯಿ ತೊಳೆಸಿ, ಸೈಕಲ್ಲಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ನುಂಗಿರಲಿಲ್ಲ, ಏನೂ ಆಗಲಿಲ್ಲ. ಆದರೆ ಸಂಜೆಯವರೆಗೆ ಆ ತಾಯಿಯ ಪಕ್ಕದಲ್ಲಿ ಕುಳಿತಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಬಣ್ಣ ಕಟ್ಟಿದ ಬೀಜ ಮಕ್ಕಳ ಕೈಗೆ ಕೂಡದು. ಔಷಧಿಯ ಖಾಲಿ ಡಬ್ಬವನ್ನು ಎಷ್ಟೇ ತೊಳೆದರೂ ಕುಂಡ ಮಾಡಕೂಡದು.

ಈಗ ನನ್ನ ಅರ್ಜಿ. ಒಂದು, ಪ್ರತಿ ಜೂನ್ ತಿಂಗಳಲ್ಲಿ ಶಾಲೆಗೂ ಅಂಗನವಾಡಿಗೂ ಔಷಧ ಸವರದ ಬೀಜವನ್ನು ಒಂದೊಂದು ಸೇರು ಎತ್ತಿಡಿ. ನಮ್ಮ ತಾಯಂದಿರು ಬೂದಿ ಬೆರೆಸಿ ಇಟ್ಟ ಮನೆಯ ಬೀಜವಾದರೆ ಇನ್ನೂ ಒಳ್ಳೆಯದು. ಎರಡು, ಮಕ್ಕಳ ಕೈಗೆ ಒಗ್ಗುವ ನಾಲ್ಕು ಚಿಕ್ಕ ಗುದ್ದಲಿ ಮಾಡಿಸಿಕೊಡಿ. ಮೂರು, ಬೇಸಿಗೆ ರಜೆಯಲ್ಲಿ ಪಾತಿ ಒಣಗಿ, ಜೂನ್‌ನಲ್ಲಿ ಮಕ್ಕಳು ಬಂದು ಬರಿ ಕಡ್ಡಿ ನೋಡುವುದು ಪ್ರತಿ ವರ್ಷದ ಕಥೆ. ಸದಸ್ಯರು ಸರದಿಯ ಮೇಲೆ ದಿನಕ್ಕೆ ಎರಡು ಕೊಡ ನೀರು ಹಾಕಿದರೆ ಸಾಕು. ನಾಲ್ಕು, ನಿಮ್ಮಲ್ಲೊಬ್ಬರು ವರ್ಷಕ್ಕೊಮ್ಮೆ ತರಗತಿಗೆ ಬಂದು ಬೀಜ ಆರಿಸುವುದು ಹೇಗೆಂದು ಮಕ್ಕಳಿಗೆ ತೋರಿಸಿಕೊಡಿ. ಆ ದಿನ ಮೇಷ್ಟ್ರು ನೀವೇ.

1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅದೂ ಒಂದು ಊರಿನ ಸಣ್ಣ ಪಾತಿಯೇ ಆಗಿತ್ತು. ಇಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಈ ಮಕ್ಕಳೆಲ್ಲ ರೈತರೇ ಆಗಬೇಕೆಂದು ನಾನು ಹೇಳುವುದಿಲ್ಲ. ಡಾಕ್ಟರಾಗಲಿ, ಎಂಜಿನಿಯರಾಗಲಿ. ಆದರೆ ಮಣ್ಣು ಮುಟ್ಟುವುದು ನಾಚಿಕೆಯ ಕೆಲಸವೆಂದು ನಮ್ಮೂರಿನ ಯಾವ ಮಗುವೂ ನಮ್ಮಿಂದ ಕಲಿಯದಿರಲಿ.

ಸಂಘ ಸುವರ್ಣ ಮಹೋತ್ಸವ ಕಾಣಲಿ ಎಂದು ಹಾರೈಸುತ್ತೇನೆ.